ನಡುವೆ ಯಾರೂ ಇಲ್ಲದ ಎತ್ತಿನ ವ್ಯಾಪಾರ

ಚಂದಪ್ಪ: ನಡುವ ಯಾರೂ ಇರೂದಿಲ್ಲ ಅಂತ ಇನ್ನೊಮ್ಮೆ ಅಂದ್ರ ನೋಡು, ಈ ಪ್ಲಾಸ್ಟರ್ ಕಾಲು ಎಳಕೊಂತ ಮನಿ ಬಿಟ್ಟು ಹೊಂಟು ಬಿಡ್ತೇನಿ!

ಪಲ್ಲವಿ: ಹೋಗು ಮಾಮಾ. ನೀ ಬಾಗಲಾ ದಾಟೂದ್ರಾಗ ಊಟದ ಹೊತ್ತಾಗ್ತೈತಿ, ತಿರುಗಿ ಬರ್ತಿ.

ಚಂದಪ್ಪ: ಮೂವತ್ತು ವರ್ಷದಿಂದ ಈ ನಾಲ್ಕು ತಾಲೂಕಿನ ಎತ್ತು ನನ್ನ ಕೈಯಾಗ ಹಾದು ಹೋಗ್ಯಾವ. ಕೊಡಾವ ಒಂದು ಕಡೆ, ಕೊಳ್ಳಾವ ಒಂದು ಕಡೆ, ನಡುವ ಚಂದಪ್ಪ. ಈಗ ನೀ ಒಂದು ಮಡಚೂ ಪೆಟಿಗಿ ಮುಂದ ಕುಂತು ನಡುವ ಯಾರೂ ಬ್ಯಾಡ ಅಂತಿ.

ಪಲ್ಲವಿ: ನಿನಗಲ್ಲ ಅಂದದ್ದು, ವಿಡಿಯೋಕ್ಕ. ಈ ಫೋನಿನ ಬ್ರೌಸರಿಂದ ಆ ಫೋನಿನ ಬ್ರೌಸರಿಗೆ ಚಿತ್ರ, ಧ್ವನಿ ಸೀದಾ ಹೋಗ್ತಾವ. ಆ್ಯಪ್ ಹಾಕೂದು ಬ್ಯಾಡ. ಲಿಂಕ್ ಒತ್ತಿದ್ರ ಆತು.

ಚಂದಪ್ಪ: ಸೀದಾ ಹೋಗೂ ವ್ಯಾಪಾರ ನಾ ಎಲ್ಲೂ ನೋಡಿಲ್ಲವ್ವ.

ಈ ಮಹಾಸಮರ ನಡೆಯುತ್ತಿದ್ದುದು ಇಂಡಿ ಪಟ್ಟಣದ ಅಂಚಿನ ಒಂದು ಮನೆಯ ಪಡಸಾಲೆಯಲ್ಲಿ, ಬೆಳಗಿನ ಹತ್ತೂವರೆಗೆ. ಒಂದು ಪಕ್ಷದಲ್ಲಿ ಪಲ್ಲವಿ: ವಯಸ್ಸು ಮೂವತ್ತೆರಡು, ಮನೆಯಲ್ಲೇ ಕೂತು ವೆಬ್‌ಸೈಟು ಕಟ್ಟುವವಳು, ಆಯುಧ ಒಂದು ಲ್ಯಾಪ್‌ಟಾಪು. ಇನ್ನೊಂದು ಪಕ್ಷದಲ್ಲಿ ಅವಳ ಸೋದರಮಾವ, ಅಗರಖೇಡದ ಚಂದಪ್ಪ: ದನದ ಸಂತೆಯ ದಲಾಲಿ, ಆಯುಧ ಹೆಗಲ ಮೇಲಿನ ಟವೆಲು. ಅವನ ಬಲಗಾಲಿಗೆ ಪ್ಲಾಸ್ಟರ್ ಬಿದ್ದು ಎರಡು ದಿನವಾಗಿತ್ತು. ಸಿಂದಗಿ ಸಂತೆಯಲ್ಲಿ ಮದವೇರಿದ ಹೋರಿಯೊಂದನ್ನು ಏಕಾಂಗಿಯಾಗಿ ತಡೆದಾಗ ಆದ ಗಾಯ ಎಂದು ಅವನು ಹೇಳುತ್ತಾನೆ. ಪ್ಲಾಸ್ಟಿಕ್ ಕುರ್ಚಿ ಮುರಿಯಿತು ಎಂದು ಅವನ ತಂಗಿ, ಅಂದರೆ ಪಲ್ಲವಿಯ ತಾಯಿ ಸಾವಂತ್ರವ್ವ, ಹೇಳುತ್ತಾಳೆ. ಇತಿಹಾಸಕಾರರು ತಂಗಿಯ ಕಡೆಗೇ ವಾಲುತ್ತಾರೆ.

ಸಾವಂತ್ರವ್ವ: (ಚಹಾ ಇಡುತ್ತ) ಜಗಳ ಸಾಕು. ಹನ್ನೆರಡಕ್ಕ ಬಸಂತರಾಯರು ಫೋನ್ ಮಾಡ್ತಾರ.

ಆ ಹೆಸರು ಕೇಳಿದ್ದೇ ಪಲ್ಲವಿಯ ಮುಖ ಸಣ್ಣಗಾಯಿತು. ಬಸಂತರಾಯರು ದನ ಸಾಕುವವರ ಸಂಘದ ಅಧ್ಯಕ್ಷರು. ಮನೆಯಲ್ಲೇ ಕೂತು ದನ ನೋಡಿ ಕೊಳ್ಳುವಂಥ ಒಂದು ವೆಬ್‌ಸೈಟು ಸಂಘಕ್ಕೆ ಬೇಕಾಗಿತ್ತು. ಪಲ್ಲವಿ ಮೂರು ತಿಂಗಳು ಕಣ್ಣು ನೋಯಿಸಿಕೊಂಡು ಅದನ್ನು ಕಟ್ಟಿದ್ದಳು. ಷರತ್ತು ಒಂದೇ. ಎತ್ತು ನೋಡುವುದರಿಂದ ಹಿಡಿದು ದರ ಮುಗಿಯುವ ತನಕ ಒಂದು ಪೂರ್ತಿ ವ್ಯಾಪಾರ ಅದರ ಮೇಲೆ ಆಗಿ ತೋರಿಸಬೇಕು, ಇವತ್ತು ಹನ್ನೆರಡರೊಳಗೆ. ಆಗದಿದ್ದರೆ ಕೆಲಸ ಸೊಲ್ಲಾಪುರದ ಕಂಪನಿಗೆ.

ಪಲ್ಲವಿ: ಹೋದ ವಾರ ನಾ ಇಲ್ಲಿ, ನೀ ಅಗರಖೇಡದ ನಿನ್ನ ಮನ್ಯಾಗ ಕುಂತು ಎರಡು ಸಲ ಮಾಡಿದ್ವಿ. ಮುದ್ದೇಬಿಹಾಳದ ಪರಶು ಕೂಡ ಒಮ್ಮೆ, ಬಾಗೇವಾಡಿಯ ಸಿದ್ಧರಾಮ ಕೂಡ ಒಮ್ಮೆ. ಎತ್ತು ನೋಡೂ ತನಕ ಛಲೋ ನಡೀತೈತಿ. ದರದ ಮಾತಿಗೆ ಬಂದಕೂಡ್ಲೆ ಚಿತ್ರ ಕಪ್ಪ, ಧ್ವನಿ ಬಂದ್. ನೀ ಏನರ ಒತ್ತಿದ್ಯಾ ಮಾಮಾ?

ಚಂದಪ್ಪ: ನಿಮ್ಮವ್ವನಾಣೆ, ಒಂದು ಬಟನ್ ಮುಟ್ಟಿಲ್ಲ.

ಸಾವಂತ್ರವ್ವ: ನಿನ್ನ ಕಾಲಿನಾಣೆ ಮಾಡು. ನನ್ನ ಯಾಕ ಎಳೀತಿ?

ಪಲ್ಲವಿ: ಕೊಲ್ಹಾರದ ಗುರಪ್ಪಕಾಕಾ ಹನ್ನೊಂದಕ್ಕ ಲಿಂಕ್ ಒತ್ತತಾರ. ಅವರ ಹಂತ್ಯಾಕ ಒಂಟಿ ಎತ್ತು, ನಮ್ಮ ಹಂತ್ಯಾಕ ಅವ್ವನ ಒಂಟಿ ಎತ್ತು; ನಮ್ಮದನ್ನ ಅವರು ಕೊಳ್ಳಾವ್ರು. ಜೋಡಿ ಕೂಡಿದ್ರ ನನ್ನ ಪುಣ್ಯೇ.

ಚಂದಪ್ಪ: ಅಲ್ಲ, ಸೀದಾ ಹೋಗ್ತೈತಿ ಅಂತಿ. ಇಲ್ಲಿಂದ ಕೊಲ್ಹಾರಕ್ಕ ಅದಕ್ಕ ಹಾದಿ ಯಾರು ತೋರಸ್ತಾರ?

ಪಲ್ಲವಿ: ಅದಕ್ಕೊಂದು ಸರ್ವರ್ ಐತಿ. ನಿನ್ನ ಫೋನು ಒಂದು ಚೀಟಿ ಬರೀತೈತಿ, 'ನಾ ಇಂಥಲ್ಲಿ ಅದೇನಿ, ಇಂಥಾ ಚಿತ್ರ ಕಳಸ್ತೇನಿ, ಒಪ್ಪಿಗಿ ಐತೇನು?' ಅಂತ. ಸರ್ವರ್ ಅದನ್ನ ಗುರಪ್ಪಕಾಕಾನ ಫೋನಿಗೆ ಮುಟ್ಟಸ್ತೈತಿ. ಆ ಫೋನು 'ಒಪ್ಪಿಗಿ' ಅಂತ ತಿರುಗಿ ಚೀಟಿ ಕೊಡ್ತೈತಿ. ಅದನ್ನೂ ಸರ್ವರ್ ತಂದು ಕೊಡ್ತೈತಿ.

ಚಂದಪ್ಪ: (ಚಹಾದ ಲೋಟ ಕೆಳಗಿಟ್ಟು) ಕೊಡಾವನ ಮಾತು ಕೊಳ್ಳಾವಗ, ಕೊಳ್ಳಾವನ ಮಾತು ಕೊಡಾವಗ?

ಪಲ್ಲವಿ: ಹೂಂ.

ಚಂದಪ್ಪ: ನಡುವ ನಿಂತು?

ಪಲ್ಲವಿ: (ತಡೆದು) ...ಹೂಂ.

ಚಂದಪ್ಪ: ಸಾವಂತ್ರಾ, ಕೇಳಿಲ್ಲಿ! ನಿನ್ನ ಮಗಳು ದಲಾಲಿಗೆ ಇಂಗ್ಲಿಷ್ ಹೆಸರಿಟ್ಟಾಳ!

ಪಲ್ಲವಿ: ಭಾಳ ಫರಕ ಐತಿ ಮಾಮಾ. ಗುರ್ತು ಮಾಡಿಸಿದ ಮ್ಯಾಲ ಅದು ಬಾಜೂಕ ಸರದು ಬಿಡ್ತೈತಿ. ಮುಂದಿನ ಮಾತು ಇಬ್ಬರದಽ.

ಚಂದಪ್ಪ: ಚಾ ಸೈತ ಕುಡೀದ?

ಪಲ್ಲವಿ: ಚಾ ಸೈತ ಕುಡೀದ.

ಚಂದಪ್ಪ: ಹಂಗಾದ್ರ ದಲಾಲಿ ಅಲ್ಲ ಬಿಡು. ಟಪಾಲಿನಾಂವ.

ಪಲ್ಲವಿ: ಇನ್ನೊಂದು ತೊಡಕೈತಿ. ಫೋನಿಗೆ ತನ್ನ ವಿಳಾಸ ತನಗ ಪೂರಾ ಗೊತ್ತಿರೂದಿಲ್ಲ. ಮನ್ಯಾಗಿನ ವಿಳಾಸ ಒಂದು, ಹೊರಗಿನವರಿಗೆ ಕಾಣೂದು ಒಂದು. ಅದಕ್ಕ ಹೊರಗ ಇನ್ನೊಂದು ಸರ್ವರ್ ಇಟ್ಟಿರ್ತಾರ. 'ಯಪ್ಪಾ, ನಾ ನಿನಗ ಎಲ್ಲಿಂದ ಮಾತಾಡಿದಂಗ ಕಾಣ್ತೇನಿ?' ಅಂತ ಅದನ್ನ ಕೇಳಿ ತಿಳಕೋತೈತಿ.

ಚಂದಪ್ಪ: ತನ್ನ ಮನಿ ಎಲ್ಲೈತಿ ಅಂತ ಮಂದೀನ್ನ ಕೇಳೂದು! ಕುಡದೈತೇನು ಅದು?

ಸಾವಂತ್ರವ್ವ: ಯಾಕ, ಗುರಪ್ಪಣ್ಣಂದೂ ಹಂಗಽ ಅಲ್ಲೇನು? ಹಳೇ ಕೊಲ್ಹಾರ ಡ್ಯಾಮಿನ ಹಿನ್ನೀರಾಗ ಮುಳುಗಿ ಎಷ್ಟು ವರ್ಷಾತು. ಮನಿ ಎಲ್ಲಿ ಅಂದ್ರ ಇನ್ನೂ ಹಳೇ ಊರಿನ ಅಗಸಿ ಬಾಗಲದ ಬಾಜೂಕ ಅಂತಾನ.

ಚಂದಪ್ಪ: ಖರೇ! ಅಲ್ಲಿ ಹೋಗಿ ಬಾಗಲಾ ಬಡದ್ರ ಮೀನ ಬಂದು ಬಾಗಲಾ ತಗೀತಾವ.

ಪಲ್ಲವಿ: ಅಷ್ಟಽ ಮಾಮಾ! ಹೊಸ ಊರಿನ ವಿಳಾಸ ಹೇಳಾವ ಒಬ್ಬ ಬೇಕು.

ಚಂದಪ್ಪ: ಅವನೂ ಹೇಳಿ ಸರದು ಬಿಡ್ತಾನೇನು?

ಪಲ್ಲವಿ: ಸರದು ಬಿಡ್ತಾನ.

ಚಂದಪ್ಪ: ಮತ್ತ ಇಷ್ಟಾದ್ರೂ ಹಾದಿ ಸಿಗಲಿಲ್ಲಂದ್ರ?

ಪಲ್ಲವಿ: ಆಗ ಮೂರನೇದೊಂದು ಐತಿ. ಅದು ಚಿತ್ರ, ಧ್ವನಿಯ ಗಂಟು ತಾನಽ ಹೊತ್ತು ಮುಟ್ಟಸ್ತೈತಿ. ಆದ್ರ ಬಿಚ್ಚಿ ನೋಡಾಕ ಅದಕ್ಕ ಬರೂದಿಲ್ಲ. ಕೀಲಿ ಈ ಫೋನಿನಾಗ ಒಂದು, ಆ ಫೋನಿನಾಗ ಒಂದು.

ಚಂದಪ್ಪ: ಗಂಟು ಹೊರೂದು, ಒಳಗೇನೈತಿ ನೋಡೂದಿಲ್ಲ. ಇಂಥಾ ಮನಶ್ಯಾ ಎಲ್ಲಿ ಸಿಕ್ಕನವ್ವ ನಿನಗ?

ಸಾವಂತ್ರವ್ವ: ಇಕಿ ಅಪ್ಪಾರು ಹಂಗಽ ಅದಾರ. ನಮ್ಮ ಲಗ್ನದಾಗ ನೀ ಕೊಟ್ಟ ಗಂಟಿನಾಗ ಹಳೇ ಧೋತರ ಇತ್ತಂತ ಅವರಿಗೆ ಮೂರು ವರ್ಷ ಗೊತ್ತಾಗಲಿಲ್ಲ.

ಚಂದಪ್ಪ ತಟ್ಟನೆ ಕೋಲು ಹಿಡಿದು ಎದ್ದ. ಎತ್ತು ನೋಡಿಕೊಂಡು ಬರಬೇಕಂತೆ.

ರಣರಂಗ ಹೀಗೆ ಸಜ್ಜಾಯಿತು. ಅಂಗಳದ ಬೇವಿನ ಮರದ ಕೆಳಗೆ ಬೆಳ್ಳನೆಯ ಕಿಲಾರಿ ಎತ್ತು, ಅದರ ಮೂಗುದಾರ ಹಿಡಿದು ಸಾವಂತ್ರವ್ವ, ಪಕ್ಕದಲ್ಲಿ ಹೊರಸಿನ ಮೇಲೆ ಕಾಲು ಚಾಚಿ, ಕೈಯಲ್ಲಿ ಫೋನು ಹಿಡಿದು ಸೇನಾಧಿಪತಿ ಚಂದಪ್ಪ. ಪಲ್ಲವಿ ಮಾತ್ರ ಪಡಸಾಲೆಯೊಳಗೇ ಉಳಿದಳು. ಲ್ಯಾಪ್‌ಟಾಪಿಗೆ ಚಾರ್ಜು ಉಳಿದಿರಲಿಲ್ಲ, ಮನೆಯಲ್ಲಿ ನೆಟ್ಟಗೆ ಕೆಲಸ ಮಾಡುವ ಪ್ಲಗ್ಗು ಒಳಗೋಡೆಗೆ ಒಂದೇ ಇತ್ತು. ಹೀಗಾಗಿ ಅವಳ ಮುಖ ಗೋಡೆಗೆ, ಬೆನ್ನು ಅಂಗಳಕ್ಕೆ. ವ್ಯಾಪಾರದ ಚಿತ್ರವೂ ಅವಳಿಗೆ ಬರುತ್ತಿರಲಿಲ್ಲ. ಅದು ಫೋನಿಂದ ಫೋನಿಗೆ. ಚಿತ್ರ ಹೊರಟಿದೆಯೇ, ತಲುಪಿದೆಯೇ ಎಂಬ ಅಂಕಿಗಳಷ್ಟೇ ಅವಳ ಪಾಲಿಗೆ.

ಚಂದಪ್ಪ: (ಕೂಗಿ) ಪಲ್ಲವೀ, ಏನೋ ಕೇಳಾಕತ್ತೈತಿ! ಕ್ಯಾಮೆರಾ ಬಳಸಲು ಅನುಮತಿ ಕೊಡುವಿರಾ ಅಂತೈತಿ!

ಪಲ್ಲವಿ: ಕೊಡು ಮಾಮಾ!

ಚಂದಪ್ಪ: ಎಷ್ಟು ಮರ್ಯಾದಿ ನೋಡು. ಈ ಮನ್ಯಾಗ ನನ್ನ ಅನುಮತಿ ಕೇಳಿದ್ದು ಇದೊಂದಽ.

ಕೊಲ್ಹಾರದ ಗುರಪ್ಪ ಪರದೆಯ ಮೇಲೆ ಮೂಡಿದ. ಪೂರ್ತಿ ಮೂಡಲಿಲ್ಲ. ಮೊದಲು ತಲೆಗೆ ಸುತ್ತಿದ ಪಟಗ, ಆಮೇಲೆ ಒಂದು ಹುಬ್ಬು, ಕೊನೆಗೆ ಮೀಸೆ.

ಗುರಪ್ಪ: ಚಂದಪ್ಪನವರಽ, ಶರಣ್ರೀ! ಕಾಲು ಹೆಂಗೈತ್ರಿ? ಕುರ್ಚಿ ಮುರೀತಂತ?

ಚಂದಪ್ಪ: (ತಂಗಿಯನ್ನು ದುರುಗುಟ್ಟಿ) ಕುರ್ಚಿ ಅಲ್ರೀ, ಹೋರಿ. ಇರ್ಲಿ, ಎತ್ತು ನೋಡ್ರಿ.

ಗುರಪ್ಪ: ಹಲ್ಲು ತೋರಸ್ರಿ.

ಸಾವಂತ್ರವ್ವ ಎತ್ತಿನ ಬಾಯಿ ಬಿಡಿಸಿದಳು. ಚಂದಪ್ಪ ಫೋನನ್ನು ಎಷ್ಟು ಹತ್ತಿರ ಒಯ್ದನೆಂದರೆ ಎತ್ತು ಅದನ್ನು ಮೇವೆಂದು ಭಾವಿಸಿ ನಾಲಗೆ ಚಾಚಿತು. ಕೊಲ್ಹಾರದಲ್ಲಿ ಗುರಪ್ಪ ಬೆಚ್ಚಿ ಹಿಂದೆ ಸರಿದ. ಆಮೇಲೆ ಕೋಡು ನೋಡಿದ, ಗೊರಸು ನೋಡಿದ, ಬೆನ್ನ ಮೇಲಿನ ಸುಳಿಯನ್ನು ಮೂರು ಕಡೆಯಿಂದ ನೋಡಿದ. ತನ್ನ ಎತ್ತನ್ನೂ ಎಳೆದು ತಂದು ಎದುರು ನಿಲ್ಲಿಸಿದ. ಕೊಲ್ಹಾರದ ಎತ್ತು "ಹೂಂಬಾ" ಎಂದಿತು. ಇಂಡಿಯ ಎತ್ತು ಕಿವಿ ನಿಮಿರಿಸಿ, ಫೋನಿನತ್ತ ತಿರುಗಿ, ಅದಕ್ಕಿಂತ ದೊಡ್ಡ ದನಿಯಲ್ಲಿ "ಹೂಂಬಾ" ಎಂದಿತು. ನಡುವೆ ಯಾರೂ ಇಲ್ಲದೆ ಆ ದಿನ ನಡೆದ ಮೊದಲ ಮಾತುಕತೆ ಇದೇ.

ಪಲ್ಲವಿ: (ಒಳಗಿನಿಂದ, ಕುಣಿಯುತ್ತ) ಒಂದು ಹನಿ ಸೋರಿಲ್ಲ ಮಾಮಾ! ಎಲ್ಲಾ ಮುಟ್ಟಾಕತ್ತೈತಿ!

ಗುರಪ್ಪ: ಎತ್ತು ಮನಸಿಗೆ ಬಂತ್ರಿ. ದರಾ ಮಾಡೋಣೇನು?

ಚಂದಪ್ಪ: ಮಾಡೋಣ್ರಿ.

ಅಷ್ಟೇ. ಅಂಗಳ ಗಪ್ಪಾಯಿತು. ಅರ್ಧ ನಿಮಿಷ. ಒಂದು ನಿಮಿಷ.

ಪಲ್ಲವಿ: ಮಾಮಾ, ಚಿತ್ರ ಹೆಂಗೈತಿ?

ಚಂದಪ್ಪ: ಕಪ್ಪೈತಿ.

ಪಲ್ಲವಿ: ಅಯ್ಯಯ್ಯೋ! ಧ್ವನಿ?

ಚಂದಪ್ಪ: ಇಲ್ಲ.

ಪಲ್ಲವಿ: ಅಂಕಿ ಎಲ್ಲಾ ನೆಟ್ಟಗದಾವಲ್ಲ! ಚಿತ್ರ ಹೊಂಟೈತಿ, ಮುಟ್ಟೈತಿ... ಬಂದ್ ಮಾಡಿ ಮತ್ತ ಲಿಂಕ್ ಒತ್ತರಿ ಇಬ್ಬರೂ!

ಒತ್ತಿದರು. ಮೀಸೆ ಕಂಡಿತು, ಎತ್ತು ಕಂಡಿತು, ಎಲ್ಲವೂ ಸ್ವಚ್ಛ. ದರ ಎಂದರು. ಮತ್ತೆ ಮೌನ.

ಪಲ್ಲವಿ: ಈಗ?

ಚಂದಪ್ಪ: ಕಪ್ಪೈತಿ.

ಪಲ್ಲವಿ: ಗುರಪ್ಪಕಾಕಾನ ಕಡೆ?

ಚಂದಪ್ಪ: (ಫೋನಿಗೆ ಬಾಯಿ ಹಚ್ಚಿ, ಪಿಸುದನಿಯಲ್ಲಿ ಕೇಳಿ ತಿಳಿದು) ಅವರ ಕಡೆನೂ ಕಪ್ಪಽ ಐತಂತ. ಛಲೋ ಕಪ್ಪೈತಂತ.

ಮತ್ತೆ ಮೂರು ಸಲ ಹಾಗೇ ಆಯಿತು. ಹನ್ನೊಂದು ನಲವತ್ತಕ್ಕೆ ಪಲ್ಲವಿ ಲ್ಯಾಪ್‌ಟಾಪು ಮುಚ್ಚಿದಳು.

ಪಲ್ಲವಿ: ಸಾಕಾತವ್ವ. ಮೂರು ತಿಂಗಳು ಬರದದ್ದು ನೀರಾಗ ಹೋತು. ಬಸಂತರಾಯರಿಗೆ ಆಗಲಿಲ್ಲ ಅಂತ ಹೇಳಿ ಬಿಡ್ತೇನಿ. ಸೊಲ್ಲಾಪುರದವರಽ ಮಾಡ್ಲಿ.

ಕಣ್ಣೊರೆಸಿಕೊಂಡು ಅಂಗಳಕ್ಕೆ ಬಂದವಳು ಹೊಸ್ತಿಲಲ್ಲೇ ನಿಂತುಬಿಟ್ಟಳು.

ಚಂದಪ್ಪ ಹೊರಸಿನ ಮೇಲೆ ಧ್ಯಾನಸ್ಥನಾಗಿ ಕೂತಿದ್ದ. ಎದುರಿಗೆ ಸ್ಟೂಲು. ಸ್ಟೂಲಿನ ಮೇಲೆ ಫೋನು. ಫೋನಿನ ಮೇಲೆ, ನಾಲ್ಕು ಮಡಿಕೆ ಮಾಡಿ ಹೊದಿಸಿದ ದಪ್ಪ ಟವೆಲು. ಆ ಟವೆಲಿನ ಕೆಳಗೆ ಅವನ ಬಲಗೈ. ಕೈ ಅಲ್ಲಿ ಏನೋ ಹುಡುಕುತ್ತಿತ್ತು.

ಪಲ್ಲವಿ: ಮಾಮಾ, ಏನು ಮಾಡಾಕತ್ತಿ?

ಚಂದಪ್ಪ: ಶ್! ದರಾ ನಡದೈತಿ.

ದನದ ಸಂತೆಯಲ್ಲಿ ದರವನ್ನು ಬಾಯಲ್ಲಿ ಆಡುವವನು ಹುಟ್ಟೇ ಇಲ್ಲ. ಇಬ್ಬರ ಕೈ ಕೂಡಿಸಿ ಮೇಲೊಂದು ಟವೆಲು ಹಾಕುತ್ತಾರೆ. ಒಳಗೆ ಬೆರಳು ಬೆರಳನ್ನು ಹಿಡಿದು ದರ ಹೇಳುತ್ತದೆ, ಬೆರಳೇ ಬೇಡವೆನ್ನುತ್ತದೆ, ಬೆರಳೇ ಒಪ್ಪುತ್ತದೆ. ಸುತ್ತ ನಿಂತ ನೂರು ಜನಕ್ಕೆ ಕಾಣುವುದು ಟವೆಲೊಂದೇ, ಕೇಳುವುದು ಏನೂ ಇಲ್ಲ.

ಪಲ್ಲವಿ: ಕ್ಯಾಮೆರಾ ಮ್ಯಾಲ ಟವೆಲ್ ಹಾಕಿದ್ರ ಕಪ್ಪ ಕಾಣದ ಮತ್ತೇನು ಕಾಣ್ತೈತಿ! ವಾರಾತು ನಾ ನೆಟ್ಟಗ ನಿದ್ದಿ ಮಾಡಿಲ್ಲ. ಬರದದ್ದೆಲ್ಲಾ ನಾಲ್ಕು ಸಲ ಕಿತ್ತಿ ಬರದೆ. ಯಾಕ ಹೇಳಲಿಲ್ಲ ನೀ?

ಚಂದಪ್ಪ: ಚಿತ್ರ ಹೆಂಗೈತಿ ಅಂತ ಕೇಳಿದಿ, ಕಪ್ಪೈತಿ ಅಂದ್ನಿ. ಯಾಕ ಅಂತ ಎಲ್ಲಿ ಕೇಳಿದಿ? ಕತ್ತಲಿ ಇರಾಕಽ ಬೇಕು. ನನ್ನ ತಕರಾರ ಕತ್ತಲಿದಲ್ಲ. ಅವನ ಬೆರಳು ಕೈಗೆ ಹತ್ತವಲ್ದು, ಅದೊಂದು ಐಬು ಐತಿ ನಿನ್ನ ಯಂತ್ರದಾಗ.

ಪಲ್ಲವಿ: (ಟವೆಲು ಕಿತ್ತು, ಫೋನಿಗೆ) ಗುರಪ್ಪಕಾಕಾ! ನೀವೂ ಟವೆಲ್ ಹಾಕೀರೇನು?

ಪರದೆಯ ಮೇಲೆ ಕತ್ತಲೆ ಅಲುಗಾಡಿತು.

ಗುರಪ್ಪ: (ಕತ್ತಲೆಯೊಳಗಿನಿಂದ, ನೊಂದ ದನಿಯಲ್ಲಿ) ಹಾಕದ ಹೆಂಗವ್ವಾ? ನಾವೇನು ಭಿಡೆ ಬಿಟ್ಟಾವ್ರೇನು?

ಪಲ್ಲವಿ: ತಗೀರಿ ಇಬ್ಬರೂ! ಬೆರಳು ತೋರಿಸಿ ದರಾ ಮಾಡ್ರಿ. ಕೀಲಿ ಹಾಕಿದ್ದು ಐತಿ ಅಂತ ಹೇಳಿಲ್ಲೇನು? ಹಾದ್ಯಾಗ ಯಾರಿಗೂ ಕಾಣೂದಿಲ್ಲ.

ಚಂದಪ್ಪ: ಹಾದ್ಯಾಗ ಕಾಣೂದಿಲ್ಲ, ಒಪ್ಪಿದ್ನಿ. ಅಂಗಳದಾಗ? ಇಲ್ಲಿ ನೀ ನಿಂತೀದಿ, ನಿಮ್ಮವ್ವ ನಿಂತಾಳ. ಗ್ವಾಡಿ ಆ ಕಡೆ ರೇವವ್ವ ಹತ್ತು ಗಂಟೇದಿಂದ ಒಂದಽ ಸೀರಿ ಒಣಾ ಹಾಕಾಕತ್ತಾಳ. ಗುರಪ್ಪನ ಬೆನ್ನ ಹಿಂದ ಅವನ ತಮ್ಮಂದಿರು ಮೂರು ಮಂದಿ. ನಿನ್ನ ಕೀಲಿ ಹಾದಿಗೆ ಆತು. ಅಂಗಳಕ್ಕ ಯಾವ ಕೀಲಿ ಹಾಕೀದಿ, ಹೇಳು?

ಪಲ್ಲವಿ ಗೋಡೆಯ ಕಡೆ ತಿರುಗಿದಳು. ಮೂರು ತಿಂಗಳಲ್ಲಿ ಆ ಪ್ರಶ್ನೆಯನ್ನು ಅವಳಿಗೆ ಯಾವ ಪುಸ್ತಕವೂ ಕೇಳಿರಲಿಲ್ಲ. ಗೋಡೆಯಾಚೆ ಸೀರೆ ಒಣಹಾಕುವ ಸದ್ದು ಗಕ್ಕನೆ ನಿಂತಿತು.

ಗಡಿಯಾರದಲ್ಲಿ ಹನ್ನೊಂದು ಐವತ್ತು.

ಸಾವಂತ್ರವ್ವ ಮೂಗುದಾರವನ್ನು ಮಗಳ ಕೈಗೆ ಕೊಟ್ಟು ಒಳಗೆ ಹೋದಳು. ಹೊರಗೆ ಬಂದಾಗ ಅವಳ ತೋಳ ಮೇಲೆ ಆರು ಹಳೆಯ ಸೀರೆ ಸೇರಿಸಿ ಹೊಲಿದ ಕೌದಿ ಇತ್ತು.

ಸಾವಂತ್ರವ್ವ: ಫೋನಿನ ಮ್ಯಾಲ ಟವೆಲ್ ಹಾಕೂ ಬದಲಿ, ಫೋನೂ ನೀನೂ ಕೂಡೇ ಇದರಾಗ ಹೋಗ್ರಿ. ಫೋನಿನ ಬೆಳಕು ಇರ್ತೈತಿ. ಬೆರಳು ಅವಗಷ್ಟ ಕಾಣ್ತಾವ.

ಚಂದಪ್ಪ: ಈ ಬಿಸಲಾಗ? ಕೌದ್ಯಾಗ?

ಸಾವಂತ್ರವ್ವ: ಮದವೇರಿದ ಹೋರಿ ತಡದಾವ ಅಲ್ಲೇನು ನೀ?

ವೀರ ಸ್ಟೂಲಿನ ಮೇಲಿನ ಫೋನನ್ನು ಕೈಗೆತ್ತಿಕೊಂಡ.

ಗುರಪ್ಪ: ಯವ್ವಾ, ನಮ್ಮಲ್ಲಿ ಕೌದಿ ಎಲ್ಲಾ ಒಗ್ಯಾಕ ಹೊಳಿಗೆ ಹೋಗ್ಯಾವ! ತಾಡಪಾಲ ನಡೀತೈತೇನು?

ಪಲ್ಲವಿ: ನಡೀತೈತಿ ಕಾಕಾ! ಲಗೂ ಮಾಡ್ರಿ!

ಚಂದಪ್ಪನ ಮೇಲೆ ಕೌದಿ ಬಿತ್ತು. ಹೊರಸಿನ ಮೇಲೆ ಬಣ್ಣಬಣ್ಣದ ಒಂದು ಬೆಟ್ಟ ಎದ್ದಿತು. ಬೆಟ್ಟ ಸ್ವಲ್ಪ ಹೊತ್ತು ಸುಮ್ಮನಿತ್ತು. ಆಮೇಲೆ ಒಂದು ಮೊಣಕೈ ಪುಟಿಯಿತು. ಆಮೇಲೆ ಇಡೀ ಬೆಟ್ಟ "ಛೇ ಛೇ" ಎಂಬಂತೆ ಎಡಕ್ಕೂ ಬಲಕ್ಕೂ ಆಡಿತು. ಮಾತಿಲ್ಲ. ಎತ್ತು ಕೂಡ ಮೇವು ಬಿಟ್ಟು ನೋಡುತ್ತಿತ್ತು.

ಪಲ್ಲವಿಯ ಫೋನು ಬಡಿದುಕೊಂಡಿತು. ಹನ್ನೆರಡು.

ಬಸಂತರಾಯ: ಏನವ್ವಾ ಪಲ್ಲವಿ, ವ್ಯಾಪಾರ ಎಲ್ಲಿಗೆ ಬಂತು?

ಪಲ್ಲವಿ: ನಡದೈತ್ರಿ. ಕೌದ್ಯಾಗ ಅದಾರ್ರಿ.

ಬಸಂತರಾಯ: ಎಲ್ಲಿ?

ಆಗಲೇ ಕೌದಿಯೊಳಗಿನಿಂದ ಚಂದಪ್ಪನ ಗರ್ಜನೆಯೂ, ಫೋನಿನೊಳಗಿನಿಂದ ಗುರಪ್ಪನ ಗರ್ಜನೆಯೂ ಒಟ್ಟಿಗೇ ಹೊರಟವು: "ಆತು!"

ಪಲ್ಲವಿ: ಮುಗೀತ್ರಿ ಸರ್! ದರಾ ಮುಗೀತು! ಕೇಳಿಸ್ತಲ್ರಿ?

ಬಸಂತರಾಯ: ಕೇಳಿಸ್ತು, ಕೇಳಿಸ್ತು. ಎಷ್ಟಕ್ಕ ಮುಗೀತು? ನಾ ಇಲ್ಲಿ ಕಂಪ್ಯೂಟರ್ ಮುಂದಽ ಕುಂತೇನಿ, ಏನೂ ಕಾಣವಲ್ದು. ಸೊಲ್ಲಾಪುರದವರು ಎಲ್ಲಾರ ವ್ಯಾಪಾರ ಅಧ್ಯಕ್ಷರಿಗೆ ಕಾಣೂಹಂಗ ಮಾಡಿ ಕೊಡ್ತೇವಿ ಅಂದಾರ.

ಪಲ್ಲವಿ ಸುಳ್ಳು ಹೇಳಬಹುದಿತ್ತು. ಆಮೇಲೆ ಮಾಡಿಕೊಡ್ತೇನೆ ಅನ್ನಬಹುದಿತ್ತು. ಕೌದಿಯ ಬೆಟ್ಟವನ್ನು ಒಮ್ಮೆ ನೋಡಿದಳು.

ಪಲ್ಲವಿ: ನನ್ನದರಾಗ ಕಾಣೂದಿಲ್ರಿ. ಕಟ್ಟಿದ ನನಗಽ ಕಾಣೂದಿಲ್ಲ. ಕೊಟ್ಟಾವಗ, ಕೊಂಡಾವಗ ಅಷ್ಟಽ.

ಆ ಕಡೆ ಕುರ್ಚಿ ಸರಿದ ಸದ್ದಾಯಿತು.

ಬಸಂತರಾಯ: ಹಂಗಾದ್ರ ನಾಳೆ ನಾನಽ ಒಂದು ಎತ್ತು ತಗೊಂಡ್ರ?

ಪಲ್ಲವಿ: ನಿಮ್ಮದೂ ಯಾರಿಗೂ ಕಾಣೂದಿಲ್ರಿ.

ಬಸಂತರಾಯ: ಸಂಘದ ಕಾರ್ಯದರ್ಶಿಗೆ?

ಪಲ್ಲವಿ: ಇಲ್ರಿ.

ಬಸಂತರಾಯ: ನಮ್ಮ ಅಳಿಯಗ?

ಪಲ್ಲವಿ: ಇಲ್ರಿ.

ಬಸಂತರಾಯ: (ದನಿ ತಗ್ಗಿಸಿ) ನಮ್ಮ ಮನಿಯಾಕಿಗೆ?

ಪಲ್ಲವಿ: ನಿಮ್ಮ ಕೌದಿ ಎಷ್ಟು ದಪ್ಪ ಐತಿ ಅನ್ನೂದರ ಮ್ಯಾಲ ಐತ್ರಿ.

ಬಸಂತರಾಯ: ಭಾಳ ದಪ್ಪ ಐತಿ. ಕೆಲಸ ನಿನ್ನದಽ ಹೋಗವ್ವ. ನಾಳೆ ಬಂದು ಸಹಿ ಮಾಡು.

ಫೋನು ಇಟ್ಟ ಪಲ್ಲವಿ ಎತ್ತಿನ ಕೊರಳಿಗೇ ಜೋತುಬಿದ್ದಳು. ಕೌದಿ ಸರಿಯಿತು. ಒಳಗಿನಿಂದ ಚಂದಪ್ಪ ಹಬೆಯಾಡುತ್ತ, ಬೆವರು ಸುರಿಸುತ್ತ, ವಿಜಯಿಯಾಗಿ ಹೊರಬಂದ. ಮೊದಲು ಒಂದು ತಂಬಿಗೆ ನೀರು ಕುಡಿದ. ಆಮೇಲೆ ಟವೆಲನ್ನು ಕೈಮೇಲೆ ಹಾಕಿ ತಂಗಿಯ ಕಡೆ ಚಾಚಿದ. ಎತ್ತಿನ ಒಡತಿ ಸಾವಂತ್ರವ್ವ ಅದರೊಳಗೆ ಕೈಯಿಟ್ಟಳು. ಎರಡು ಕ್ಷಣ. ಅವಳ ಮುಖ ಅರಳಿ ಊರಗಲವಾಯಿತು.

ಪಲ್ಲವಿ: ಅವ್ವಾ! ಮಾಮಾ! ಎಷ್ಟಕ್ಕ ಕೊಟ್ರಿ? ನನಗರ ಹೇಳ್ರಿ!

ಚಂದಪ್ಪ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡ. ಪ್ಲಾಸ್ಟರ್ ಕಾಲನ್ನು ಸಿಂಹಾಸನದ ಮೇಲಿಡುವಂತೆ ಸ್ಟೂಲಿನ ಮೇಲಿಟ್ಟ.

ಚಂದಪ್ಪ: ನಡುವ ಯಾರೂ ಇರೂದಿಲ್ಲವ್ವ. ಬಾಜೂಕ ಸರಿ. ಚಾ ಬೇಕಾದ್ರ ಕುಡದು ಹೋಗು.